ಜಮೀನಿನಲ್ಲಿ ಸ್ವಯಂಪೂರ್ಣ ಬಿಡಾರ: ಬೆಳೆಗಾರರಿಗೆ ಒಂದು ಅಭ್ಯಾಸ ಪಾಠ

ಸದಸ್ಯ ಬಾಂಧವರಲ್ಲಿ ಹಲವರು ಇತ್ತೀಚೆಗೆ ಸಂಘದ ಕಚೇರಿಗೆ ಬಂದಾಗ ಒಂದೇ ಬಗೆಯ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಪೇಟೆಯ ಕಡೆಯಿಂದ ಬರುವವರು, "ನಮಗೆ ಕೋಣೆ ಬೇಡ, ಊಟವೂ ಬೇಡ, ತೋಟದ ಒಂದು ಮೂಲೆಯಲ್ಲಿ ನಮ್ಮ ವ್ಯಾನು ನಿಲ್ಲಿಸಿಕೊಂಡು ಎರಡು ರಾತ್ರಿ ಇದ್ದು ಹೋಗುತ್ತೇವೆ, ಜಾಗಕ್ಕೆ ಏನು ಕೊಡಬೇಕು ಹೇಳಿ" ಎನ್ನುತ್ತಾರಂತೆ. ಕೆಲವು ಸದಸ್ಯರು ಸಂಕೋಚದಿಂದ ಒಪ್ಪಿದ್ದಾರೆ, ಕೆಲವರು ಗಾಬರಿಯಿಂದ ಬೇಡವೆಂದಿದ್ದಾರೆ. ಎರಡೂ ಬಗೆಯವರು ಒಪ್ಪುವ ಮುನ್ನ ಅಥವಾ ಬಿಡುವ ಮುನ್ನ ಏನನ್ನು ವಿಚಾರಿಸಬೇಕಿತ್ತು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಇಂಥ ತಂಗುವಿಕೆ ಹೊರದೇಶಗಳಲ್ಲಿ ಹೊಸದಲ್ಲ. ಅಮೆರಿಕದ ದನ ಸಾಕುವ ರ‍್ಯಾಂಚ್‌ಗಳಲ್ಲಿ, ನ್ಯೂಜಿಲೆಂಡಿನ ಕುರಿ ಫಾರಂಗಳಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಇದು ವರ್ಷಗಳಿಂದ ನಡೆದುಬಂದಿದೆ. ಜಮೀನಿನ ಮಾಲೀಕರಿಗೆ ಅಲ್ಲಿ ಆದ ಅನುಭವ ಕಾಯಿದೆಗಳಾಗಿ, ನಿಯಮಗಳಾಗಿ ರೂಪುಗೊಂಡಿದೆ. ಆ ಮೂರು ದೇಶಗಳಿಂದ ಒಂದೊಂದು ಪಾಠವನ್ನು ತೆಗೆದುಕೊಂಡು, ಕೊನೆಯಲ್ಲಿ ನಮ್ಮ ಮಲೆನಾಡಿನ ತೋಟಗಳಿಗೆ ಅವು ಎಷ್ಟರಮಟ್ಟಿಗೆ ಹೊಂದುತ್ತವೆ ಎಂದು ನೋಡೋಣ.

ಪದದ ಅರ್ಥ

ಸ್ವಯಂಪೂರ್ಣ ಬಿಡಾರ ಎಂದರೆ, ತಂಗುವವನು ತನಗೆ ಬೇಕಾದ ನೀರು, ಬೆಳಕು, ಒಲೆ, ಹಾಸಿಗೆ, ಕಕ್ಕಸು ಎಲ್ಲವನ್ನೂ ತನ್ನ ವಾಹನದಲ್ಲೇ ತಂದು, ಹೊರಡುವಾಗ ತನ್ನ ಕೊಳೆನೀರು, ಮಲಮೂತ್ರ ಮತ್ತು ಕಸವನ್ನು ಅದೇ ವಾಹನದಲ್ಲಿ ಕೊಂಡೊಯ್ಯುವುದು. ಈ ವಾಕ್ಯದ ಮೊದಲರ್ಧವನ್ನು ಎಲ್ಲರೂ ಪಾಲಿಸುತ್ತಾರೆ. ಪರೀಕ್ಷೆ ಇರುವುದು ಎರಡನೆಯ ಅರ್ಧದಲ್ಲಿ. ಹಾಸಿಗೆ, ಒಲೆ ಇದ್ದು ಕಕ್ಕಸಿಲ್ಲದ ವ್ಯಾನು ಸ್ವಯಂಪೂರ್ಣವಲ್ಲ; ಅದರ ಕಕ್ಕಸು ನಮ್ಮ ಕಾಫಿ ಗಿಡದ ಬುಡವೇ ಆಗುತ್ತದೆ.

ಇದನ್ನು ಹೋಂಸ್ಟೇ ಜೊತೆ ಬೆರೆಸಬಾರದು. ಹೋಂಸ್ಟೇಯಲ್ಲಿ ಮಾಲೀಕನು ಮನೆ, ನೀರು, ಊಟ, ಉಪಚಾರ ಎಲ್ಲವನ್ನೂ ಒದಗಿಸುತ್ತಾನೆ. ಬಿಡಾರದಲ್ಲಿ ಅವನು ಒದಗಿಸುವುದು ಸಮತಟ್ಟಾದ ಜಾಗ, ನಿಶ್ಶಬ್ದ ಮತ್ತು ಅನುಮತಿ, ಇಷ್ಟನ್ನೇ. ಬಂದವರು ಸಂಜೆ ಹೊತ್ತಿಗೆ "ಸ್ವಲ್ಪ ಬಿಸಿನೀರು ಸಿಗುತ್ತದೆಯೇ" ಎಂದು ಬಚ್ಚಲ ಹಂಡೆಯ ಕಡೆ ನೋಡತೊಡಗಿದರೆ ಅದು ಬೇರೆಯ ಉದ್ಯಮ, ಅದಕ್ಕೆ ಬೇರೆಯ ಸಿದ್ಧತೆ ಬೇಕು.

ಮೊದಲನೆಯ ಪಾಠ: ನ್ಯೂಜಿಲೆಂಡಿನ ಅಳತೆ

"ಸ್ವಯಂಪೂರ್ಣ" ಎಂಬ ಮಾತಿಗೆ ಲೀಟರಿನ ಲೆಕ್ಕದಲ್ಲಿ ಅರ್ಥ ಕೊಟ್ಟ ದೇಶ ನ್ಯೂಜಿಲೆಂಡ್. ರಸ್ತೆ ಬದಿಯಲ್ಲಿ, ಕೆರೆ ದಡದಲ್ಲಿ ವಾಹನ ನಿಲ್ಲಿಸಿ ಮಲಗುವವರು ಹೆಚ್ಚಾಗಿ, ಹೊಲಸಿನ ಬಗ್ಗೆ ಊರಿನವರ ದೂರುಗಳೂ ಹೆಚ್ಚಾದವು. ೨೦೧೧ರಲ್ಲಿ, ರಗ್ಬಿ ವಿಶ್ವಕಪ್ ಪಂದ್ಯಗಳು ನಡೆಯುವ ಮೊದಲು, ಅಲ್ಲಿನ ಸಂಸತ್ತು ಬಯಲು ಬಿಡಾರದ ಬಗ್ಗೆ ಒಂದು ಕಾಯಿದೆ ಮಾಡಿತು. ೨೦೨೩ರಲ್ಲಿ ಇನ್ನೊಂದು ಕಾಯಿದೆ ಬಂದು, ಸ್ವಯಂಪೂರ್ಣ ಎಂಬ ಪ್ರಮಾಣಪತ್ರ ಪಡೆಯಬೇಕಾದ ವಾಹನದಲ್ಲಿ ಕಕ್ಕಸು ಸ್ಥಿರವಾಗಿ ಜೋಡಿಸಿರಬೇಕು ಎಂದಾಯಿತು. ಎತ್ತಿ ಇಡುವ ಡಬ್ಬಿ ಕಕ್ಕಸನ್ನು ಸೀಟಿನ ಕೆಳಗೆ ಇಟ್ಟುಕೊಂಡು, ಅದನ್ನು ಎಂದೂ ಬಳಸದೆ ಪೊದೆಗೆ ಹೋಗುವವರ ವಿರುದ್ಧ ಈ ಬಿಗಿ.

ಈ ಕಾಯಿದೆಗಳು ಅನ್ವಯಿಸುವುದು ಸಾರ್ವಜನಿಕ ಜಮೀನಿಗೆ. ಖಾಸಗಿ ಫಾರಂನಲ್ಲಿ ಮಾಲೀಕನ ಅನುಮತಿಯೇ ಮೊದಲ ಕಾನೂನು. ಆದರೆ ಮಾಲೀಕರು ತಮ್ಮ ಜಮೀನಿನಲ್ಲೂ ಅದೇ ಅಳತೆಯನ್ನು ಕೇಳುವ ರೂಢಿ ಅಲ್ಲಿದೆ. ೧೯೫೬ರಲ್ಲಿ ಸ್ಥಾಪನೆಯಾದ ಅಲ್ಲಿನ ಮೋಟಾರ್ ಕ್ಯಾರವಾನ್ ಸಂಘದವರು, ಜಮೀನುದಾರರೊಂದಿಗೆ ಮಾತಾಡಿಕೊಂಡು, ಪ್ರಮಾಣಪತ್ರವಿರುವ ತಮ್ಮ ಸದಸ್ಯರ ವಾಹನಗಳಿಗೆ ರಾತ್ರಿ ನಿಲ್ಲಲು ಖಾಸಗಿ ಜಾಗಗಳನ್ನು ಗೊತ್ತುಮಾಡಿಕೊಂಡಿದ್ದಾರೆ. ನಮ್ಮ ಸಹಕಾರಿ ಪದ್ಧತಿಗೆ ಹತ್ತಿರವಾದ ಏರ್ಪಾಡು ಇದು: ಬಂದವನು ಅಪರಿಚಿತನಾದರೂ ಅವನ ಹಿಂದೆ ಒಂದು ಸಂಘ ನಿಂತಿರುತ್ತದೆ.

೨೦೦೧ರ ನ್ಯೂಜಿಲೆಂಡ್ ಮಾನದಂಡ, ಹೊರಗಿನ ಸಹಾಯವಿಲ್ಲದೆ ಮೂರು ದಿನ ಇರಬಲ್ಲ ವಾಹನಕ್ಕೆ ತಲಾ ಇಷ್ಟು ಕನಿಷ್ಠ ಸಾಮರ್ಥ್ಯ ಇರಬೇಕೆಂದು ನಿಗದಿ ಮಾಡಿತು:

ಒಳ್ಳೆಯ ನೀರು: ದಿನಕ್ಕೆ ೪ ಲೀಟರಿನಂತೆ ೧೨ ಲೀಟರ್.
ಕೊಳೆನೀರಿನ ಮುಚ್ಚಿದ ಟ್ಯಾಂಕು: ೧೨ ಲೀಟರ್.
ಕಕ್ಕಸಿನ ಟ್ಯಾಂಕು: ದಿನಕ್ಕೆ ೧ ಲೀಟರಿನಂತೆ ೩ ಲೀಟರ್.
ಇವಲ್ಲದೆ, ವಾಸನೆ ತಡೆಯುವ ಬಾಗುಕೊಳವೆಯ ಮೂಲಕ ಕೊಳೆನೀರಿನ ಟ್ಯಾಂಕಿಗೆ ಸೇರಿದ ಸಿಂಕು ಮತ್ತು ಮುಚ್ಚಳವಿರುವ ಕಸದ ಡಬ್ಬಿ.

ನಾಲ್ಕು ಜನರ ಕುಟುಂಬವೊಂದು ಮೂರು ದಿನ ತಂಗುವುದಾದರೆ, ೪ x ೧೨ = ೪೮ ಲೀಟರ್ ನೀರು, ಅಷ್ಟೇ ಕೊಳೆನೀರಿನ ಟ್ಯಾಂಕು, ೪ x ೩ = ೧೨ ಲೀಟರಿನ ಕಕ್ಕಸಿನ ಟ್ಯಾಂಕು. ೪೮ ಲೀಟರ್ ಎಂದರೆ ಸುಮಾರು ನಾಲ್ಕು ಕೊಡ ನೀರು. ನಾಲ್ಕು ಜನ ಮೂರು ದಿನ ಕುಡಿದು, ಬೇಯಿಸಿ, ತೊಳೆದು ಮುಗಿಸಬೇಕಾದದ್ದು ಅಷ್ಟರಲ್ಲೇ. ದಿನಕ್ಕೆ ೪ ಲೀಟರಿನಲ್ಲಿ ಮೀಯುವ ಮಾತು ಬರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಬಹುದು. ಇದು ಕನಿಷ್ಠ ಪ್ರಮಾಣ. ದೊಡ್ಡ ವಾಹನಗಳಲ್ಲಿ ಹೆಚ್ಚು ನೀರು ಇರುತ್ತದೆ. ಆದರೆ ಒಂದು ನಿಯಮ ಮಾತ್ರ ಬದಲಾಗುವುದಿಲ್ಲ: ಎಷ್ಟು ನೀರು ಒಳಗೆ ಹೋಯಿತೋ ಹೆಚ್ಚುಕಡಿಮೆ ಅಷ್ಟೇ ಕೊಳೆನೀರಾಗಿ ಹೊರಗೆ ಬರುತ್ತದೆ. ನೀರಿನ ಟ್ಯಾಂಕು ೧೦೦ ಲೀಟರ್, ಕೊಳೆನೀರಿನ ಟ್ಯಾಂಕು ೨೦ ಲೀಟರ್ ಇರುವ ವ್ಯಾನನ್ನು ಕಂಡರೆ, ಉಳಿದ ೮೦ ಲೀಟರ್ ಎಲ್ಲಿಗೆ ಹೋಗುತ್ತದೆಂದು ಕೇಳುವ ಹಕ್ಕು ಜಮೀನಿನ ಮಾಲೀಕನಿಗಿದೆ.

ಟ್ಯಾಂಕು ಖಾಲಿ ಮಾಡುವುದೆಲ್ಲಿ?

ನ್ಯೂಜಿಲೆಂಡಿನಲ್ಲಿ ಈ ಟ್ಯಾಂಕುಗಳನ್ನು ಖಾಲಿ ಮಾಡಲು ಸಾರ್ವಜನಿಕ ಕೇಂದ್ರಗಳು ದೇಶದುದ್ದಕ್ಕೂ ಇವೆ. ನಮ್ಮ ಕಡೆ ಊರೂರಿನಲ್ಲಿ ಅಂಥ ವ್ಯವಸ್ಥೆ ಇಲ್ಲ. ಆದ್ದರಿಂದ ನಮ್ಮಲ್ಲಿಗೆ ಬರುವ ವಾಹನ ಎಷ್ಟೇ ಚೆಂದವಾಗಿರಲಿ, "ನಿಮ್ಮ ಟ್ಯಾಂಕನ್ನು ಹಿಂದೆ ಎಲ್ಲಿ ಖಾಲಿ ಮಾಡಿದಿರಿ, ಮುಂದೆ ಎಲ್ಲಿ ಮಾಡುತ್ತೀರಿ?" ಎಂಬುದು ಮೊದಲ ಪ್ರಶ್ನೆಯಾಗಬೇಕು. ಉತ್ತರ ತಡವರಿಸಿದರೆ ಅದು ನಮ್ಮ ಹಳ್ಳವೇ ಎಂದು ತಿಳಿಯಬೇಕು.

ಇಲ್ಲಿ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ವಾಹನದ ಕಕ್ಕಸಿನಲ್ಲಿ ವಾಸನೆ ತಡೆಯಲು ರಾಸಾಯನಿಕ ದ್ರಾವಣ ಹಾಕುತ್ತಾರೆ. ಅವುಗಳಲ್ಲಿ ಕೆಲವದರಲ್ಲಿ ಫಾರ್ಮಾಲ್ಡಿಹೈಡ್‌ನಂಥ ಕ್ರಿಮಿನಾಶಕ ಇರುತ್ತದೆ. ಮಲ ಕೊಳೆಯದಂತೆ ತಡೆಯುವುದೇ ಅದರ ಕೆಲಸ. ಸೆಪ್ಟಿಕ್ ಟ್ಯಾಂಕಿನಲ್ಲೂ ಗೋಬರ್ ಗ್ಯಾಸ್ ಗುಂಡಿಯಲ್ಲೂ ಕೆಲಸ ಮಾಡುವುದು ಕೊಳೆಸುವ ಸೂಕ್ಷ್ಮಾಣುಗಳು. ಅಂಥ ದ್ರಾವಣ ಬೆರೆತ ಮಲವನ್ನು, "ಹೇಗೂ ಗುಂಡಿ ಇದೆಯಲ್ಲ" ಎಂದು ಗೋಬರ್ ಗ್ಯಾಸಿಗೆ ಸುರಿಸಿದರೆ ಅನಿಲದ ಉತ್ಪತ್ತಿ ಕುಗ್ಗಿ, ಅಡುಗೆಮನೆಯ ಒಲೆಯೇ ತಣ್ಣಗಾಗಬಹುದು. ಬಂದವರಿಗೆ ಮನೆಯ ಹೊರಗಿನ ಕಕ್ಕಸನ್ನು ಬಳಸಲು ಬಿಡುವುದರಲ್ಲಿ ತೊಂದರೆಯಿಲ್ಲ. ಅವರ ಟ್ಯಾಂಕಿನ ದ್ರಾವಣವನ್ನು ಮಾತ್ರ ನಮ್ಮ ಗುಂಡಿಗೆ ಬಿಡಬಾರದು.

ಕೊಳೆನೀರು ಹಳ್ಳಕ್ಕೆ ಹೋಗುವುದು ನಮ್ಮೊಬ್ಬರ ಪ್ರಶ್ನೆಯಲ್ಲ. ಮಲೆನಾಡಿನಲ್ಲಿ ಒಬ್ಬರ ತೋಟದ ಹಳ್ಳ ಕೆಳಗಿನವರ ಕುಡಿಯುವ ನೀರು. ಮೇಲಿನವರು ಪಡೆದ ಒಂದು ರಾತ್ರಿಯ ಬಾಡಿಗೆಗೆ ಕೆಳಗಿನವರ ಮನೆಯಲ್ಲಿ ಮಕ್ಕಳಿಗೆ ವಾಂತಿಭೇದಿಯಾದರೆ, ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಸರಿತೂಗಿಸಲಾಗದು.

ಎರಡನೆಯ ಪಾಠ: ಫ್ರಾನ್ಸಿನ ಮರ್ಯಾದೆ

ನ್ಯೂಜಿಲೆಂಡ್ ವಾಹನದ ಅಳತೆಯನ್ನು ಕಲಿಸಿದರೆ, ಮಾಲೀಕ ಮತ್ತು ತಂಗುವವನ ನಡುವಿನ ನಡವಳಿಕೆಯನ್ನು ಫ್ರಾನ್ಸಿನಿಂದ ಕಲಿಯಬಹುದು. ಅಲ್ಲಿ ೧೯೯೦ರ ದಶಕದ ಆರಂಭದಿಂದ "ಫ್ರಾನ್ಸ್ ಪಾಸಿಯೋಂ" ಎಂಬ ಏರ್ಪಾಡು ನಡೆದಿದೆ. ದ್ರಾಕ್ಷಿ ಬೆಳೆಗಾರರು, ಗಿಣ್ಣು ತಯಾರಕರು, ಜೇನು ಸಾಕುವವರು ತಮ್ಮ ಜಮೀನಿನಲ್ಲಿ ಸ್ವಯಂಪೂರ್ಣ ವಾಹನಗಳಿಗೆ ೨೪ ಗಂಟೆಯ ಕಾಲ ಉಚಿತವಾಗಿ ಜಾಗ ಕೊಡುತ್ತಾರೆ. ತಂಗಿದವನು ಏನನ್ನಾದರೂ ಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಬಂದ ಕೂಡಲೇ ಮಾಲೀಕನನ್ನು ಕಂಡು ಮಾತಾಡಿಸಬೇಕು, ಹೊರಡುವಾಗ ಹೇಳಿ ಹೋಗಬೇಕು.

ಇದರಲ್ಲಿ ನಮಗೆ ಹೊಸದೇನಿಲ್ಲ. ನೆಂಟರ ಮನೆಗೆ ಹೋದವರು ಹೇಳದೆ ಹೊರಡುವುದುಂಟೇ? ವಿಚಾರ ಮಾಡಿದರೆ ಈ ಮರ್ಯಾದೆಯಲ್ಲಿ ವ್ಯವಹಾರವೂ ಅಡಗಿದೆ. ಬಂದಾಗ ಮುಖ ತೋರಿಸಿದವನು ಹೋಗುವಾಗ ಕಸ ಬಿಟ್ಟು ಹೋಗಲು ಹಿಂಜರಿಯುತ್ತಾನೆ. ಮಾತಾಡಿಸಿದವನು ಒಂದು ಬಾಟಲಿ ದ್ರಾಕ್ಷಾರಸವನ್ನೋ ಗಿಣ್ಣನ್ನೋ ಕೊಳ್ಳಲೂಬಹುದು. ನಮ್ಮ ಸದಸ್ಯರಿಗೂ ಜಾಗದ ಬಾಡಿಗೆಗಿಂತ ಮನೆಯಲ್ಲಿ ಹುರಿದು ಪುಡಿ ಮಾಡಿದ ಕಾಫಿ, ಕಾಳುಮೆಣಸು, ಜೇನುತುಪ್ಪ ಮಾರಿದ ಹಣ ಹೆಚ್ಚು ನೆಮ್ಮದಿಯದಾಗಬಹುದು. ಆದರೆ ಕೊಳ್ಳಲೇಬೇಕೆಂದು ಒತ್ತಾಯಿಸಿದರೆ ಆ ಅತಿಥಿ ಮತ್ತೆ ಬಾರ.

ಮೂರನೆಯ ಪಾಠ: ಟೆಕ್ಸಾಸಿನ ಹೊಣೆಗಾರಿಕೆ

ನಡವಳಿಕೆ ಚೆನ್ನಾಗಿದ್ದರೂ ಅಪಘಾತ ಹೇಳಿ ಬರುವುದಿಲ್ಲ. ಅಂಥ ಸಂದರ್ಭದಲ್ಲಿ ಹೊಣೆ ಯಾರದು ಎಂಬುದನ್ನು ಅಮೆರಿಕದ ಟೆಕ್ಸಾಸ್ ರಾಜ್ಯ ಸ್ಪಷ್ಟಪಡಿಸಿಕೊಂಡಿದೆ. ಆ ರಾಜ್ಯದಲ್ಲಿ ನೂರಕ್ಕೆ ಸುಮಾರು ೯೫ ಭಾಗ ಜಮೀನು ಖಾಸಗಿ. ಆದ್ದರಿಂದ ಬಯಲಿನಲ್ಲಿ ತಂಗಬೇಕೆನ್ನುವವನು ಯಾರದಾದರೂ ರ‍್ಯಾಂಚ್‌ನ ಗೇಟು ತಟ್ಟುವ ಪ್ರಸಂಗ ಹೆಚ್ಚು. ಎತ್ತು ತಿವಿದರೆ, ಹಾವು ಕಚ್ಚಿದರೆ, ಗುಂಡಿಗೆ ಬಿದ್ದರೆ ಮಾಲೀಕನ ಮೇಲೆ ದಾವೆ ಹೂಡುವ ಭಯದಿಂದ ಹಲವರು ಗೇಟು ತೆರೆಯಲು ಅಂಜುತ್ತಿದ್ದರು.

೨೦೧೫ರಲ್ಲಿ ಬಂದ ಅಲ್ಲಿನ ಕೃಷಿ ಪ್ರವಾಸ ಕಾಯಿದೆ ಮಾಲೀಕನಿಗೆ ರಕ್ಷಣೆ ಕೊಟ್ಟಿತು, ಆದರೆ ಷರತ್ತಿನ ಮೇಲೆ. ಅಪಾಯವುಂಟೆಂಬ ಎಚ್ಚರಿಕೆಯ ಫಲಕವನ್ನು ಕಾಯಿದೆ ಹೇಳಿದ ಮಾತುಗಳಲ್ಲೇ ಹಾಕಿರಬೇಕು, ಅಥವಾ ಬಂದವನಿಂದ ಬರವಣಿಗೆಯಲ್ಲಿ ಒಪ್ಪಿಗೆಗೆ ಸಹಿ ಪಡೆದಿರಬೇಕು. ಜಮೀನಿನಲ್ಲಿ ಅಪಾಯದ ಸ್ಥಳ ಇದೆಯೆಂದು ತಿಳಿದೂ ತಿಳಿಸದ ಮಾಲೀಕನಿಗೆ, ಹಾಯುವ ದನವನ್ನು ಹಾಯುವುದಿಲ್ಲವೆಂಬಂತೆ ಬಿಟ್ಟವನಿಗೆ ಈ ರಕ್ಷಣೆ ದಕ್ಕುವುದಿಲ್ಲ.

ಆ ಕಾಯಿದೆ ನಮ್ಮಲ್ಲಿಲ್ಲ. ಅದರಲ್ಲಿರುವ ವಿವೇಕವನ್ನು ತೆಗೆದುಕೊಳ್ಳಲು ಅಡ್ಡಿಯಿಲ್ಲ. ಕಟ್ಟೆಯಿಲ್ಲದ ಬಾವಿ, ಹಳೆಯ ಮಣ್ಣು ತೆಗೆದ ಗುಂಡಿ, ಪಾಚಿ ಕಟ್ಟಿದ ಕೆರೆ ಮೆಟ್ಟಿಲು, ಜೋತುಬಿದ್ದ ವಿದ್ಯುತ್ ತಂತಿ, ಒಣಗಿದ ಸಿಲ್ವರ್ ಮರ, ಇವು ನಮಗೆ ದಿನವೂ ಕಂಡು ಕಂಡು ಕಾಣದಂತಾಗಿರುತ್ತವೆ. ಹೊಸಬರಿಗೆ ತೋರಿಸಿ ಹೇಳುವುದು, ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಪಡೆಯುವುದು ನಮ್ಮ ಕರ್ತವ್ಯ.

ನಮ್ಮ ತೋಟಗಳಿಗೆ ಅನ್ವಯ

ಇನ್ನು ಮಲೆನಾಡಿಗೆ ಬರೋಣ. ಟೆಕ್ಸಾಸಿನ ಹುಲ್ಲುಗಾವಲಿಗೂ ನಮ್ಮ ನೆರಳಿನ ತೋಟಕ್ಕೂ ಅಜಗಜಾಂತರ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ನಾವೇ ಸೇರಿಸಿಕೊಳ್ಳಬೇಕಾಗಿದೆ.

ಜಾಗ: ಯುರೋಪಿನಲ್ಲಿ ಇಂಥ ವಾಹನಗಳ ಸಾಮಾನ್ಯ ಮಿತಿ ೩,೫೦೦ ಕಿಲೋ. ನಮ್ಮಲ್ಲಿಗೆ ಬರುವವು ಅದಕ್ಕಿಂತ ಚಿಕ್ಕವಿರಬಹುದು. ಆದರೂ ಕಾಫಿ ಗಿಡಗಳ ಸಾಲಿನ ಹತ್ತಿರ ನಿಲ್ಲಿಸಬಾರದು. ಕಾಫಿಯ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಅಡಿ ಮಣ್ಣಿನಲ್ಲಿರುತ್ತವೆ, ಚಕ್ರದ ಭಾರಕ್ಕೆ ಆ ಮಣ್ಣು ಗಟ್ಟಿಯಾಗುತ್ತದೆ. ಕಾಫಿ ಕಣ ಸಮತಟ್ಟಾಗಿದೆಯೆಂದು ಅಲ್ಲಿ ನಿಲ್ಲಿಸುವ ಆಸೆ ಸಹಜ. ಕೊಯ್ಲಿನ ಕಾಲದಲ್ಲಿ, ಹಣ್ಣು ಒಣಗುವ ಕಣದಲ್ಲಿ, ಅದು ಎಂದಿಗೂ ಕೂಡದು. ಬಾವಿ, ಹಳ್ಳಗಳಿಂದ ದೂರವಾದ, ಕಲ್ಲು ಹಾಸಿದ ಅಥವಾ ಗಟ್ಟಿ ನೆಲದ ಜಾಗವೇ ಸರಿ.

ಕಾಲ: ಮುಂಗಾರಿನಲ್ಲಿ ತೋಟದ ರಸ್ತೆಗೆ ವಾಹನ ಇಳಿಸಿದರೆ ಅದನ್ನು ಎಳೆಯಲು ನಮ್ಮ ಟ್ರ್ಯಾಕ್ಟರೇ ಹೋಗಬೇಕು, ರಸ್ತೆಯೂ ನಮ್ಮದೇ ಹಾಳಾಗುತ್ತದೆ. ಅಡಿಕೆಗೆ ಬೋರ್ಡೋ ಹೊಡೆಯುವ ದಿನಗಳಲ್ಲಿ, ಔಷಧಿ ಸಿಂಪಡಿಸುವಾಗ ಯಾರನ್ನೂ ಒಳಗೆ ಬಿಡಬಾರದು. ಫೆಬ್ರವರಿಯಿಂದ ಮಳೆ ಬೀಳುವವರೆಗೆ ದರಗು ಒಣಗಿರುವಾಗ ಬಯಲಲ್ಲಿ ಬೆಂಕಿ ಹಾಕಗೊಡಬಾರದು. ನ್ಯೂಜಿಲೆಂಡಿನಲ್ಲಿ ಅಗ್ನಿಶಾಮಕ ಇಲಾಖೆ ಬೆಂಕಿ ಹಾಕಬಹುದಾದ, ಅನುಮತಿ ಬೇಕಾದ, ಪೂರ್ತಿ ನಿಷೇಧಿಸಿದ ಕಾಲಗಳನ್ನು ಪ್ರದೇಶವಾರು ಘೋಷಿಸುತ್ತದೆ. ನಮ್ಮ ತೋಟದ ಮಟ್ಟಿಗೆ ಅದನ್ನು ಘೋಷಿಸಬೇಕಾದವರು ನಾವೇ.

ರೋಗ: ನ್ಯೂಜಿಲೆಂಡಿನ ಕೌರಿ ಮರಗಳನ್ನು ಫೈಟಾಫ್ತೊರ ಜಾತಿಯ ರೋಗಾಣುವೊಂದು ಕೊಲ್ಲುತ್ತಿದೆ. ಅದು ಬೂಟಿಗೆ ಅಂಟಿದ ಮಣ್ಣಿನಲ್ಲಿ ಕಾಡಿನಿಂದ ಕಾಡಿಗೆ ಹೋಗುವುದರಿಂದ, ಕಾಡಿನ ದಾರಿಯಲ್ಲಿ ಪಾದರಕ್ಷೆ ತೊಳೆಯುವ ಕಟ್ಟೆಗಳನ್ನು ಮಾಡಿದ್ದಾರೆ. ನಮ್ಮ ಅಡಿಕೆಯ ಕೊಳೆರೋಗವೂ ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗವೂ ಅದೇ ಫೈಟಾಫ್ತೊರ ಕುಲದ್ದು. ಮೆಣಸಿನ ರೋಗಾಣು ಮಣ್ಣಿನಲ್ಲಿ ಉಳಿದು ಮಣ್ಣಿನೊಂದಿಗೇ ಸಾಗಬಲ್ಲದು. ನಿನ್ನೆ ಬೇರೆ ತೋಟದಲ್ಲಿ ನಿಂತಿದ್ದ ವಾಹನದ ಚಕ್ರವನ್ನೂ ಬಂದವರ ಬೂಟನ್ನೂ ಗೇಟಿನಲ್ಲೇ ತೊಳೆಸುವುದು ಅತಿಯಾದ ಶಿಸ್ತಲ್ಲ.

ಪ್ರಾಣಿ, ಕೀಟ: ಕಾಡಾನೆಗಳ ಓಡಾಟವಿರುವ ಊರುಗಳಲ್ಲಿ, ಹಲಸು ಹಣ್ಣಾಗುವ ಕಾಲದಲ್ಲಂತೂ, ರಾತ್ರಿ ಬಿಡಾರಕ್ಕೆ ಒಪ್ಪಲೇಬಾರದು. ಬಂದವರ ನಾಯಿಯನ್ನು ಹೊರಗೆ ಕಟ್ಟಿದರೆ ಚಿರತೆಯನ್ನು ಕರೆದಂತೆ. ಮಂಗನ ಕಾಯಿಲೆಯನ್ನು ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ಉಣುಗುಗಳಿಂದ ಹರಡುವ ಈ ಕಾಯಿಲೆಯ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಪ್ರವಾಸಿಗರು ಬರುವ ಕಾಲವೇ. ಕಾಯಿಲೆ ಕಾಣಿಸಿಕೊಂಡ ಪ್ರದೇಶದಲ್ಲಿ, ಮಂಗ ಸತ್ತ ಸುದ್ದಿ ಇರುವಲ್ಲಿ, ಯಾರನ್ನೂ ತಂಗಿಸಬಾರದು. ಬೇರೆಡೆಯೂ ದರಗಿನ ಮೇಲೆ ಕೂರುವುದು, ಮಲಗುವುದು ಬೇಡವೆಂದು ಹೇಳಬೇಕು.

ಉಸಿರು: ಮುಚ್ಚಿದ ವಾಹನದೊಳಗೆ ಇದ್ದಿಲ ಅಗ್ಗಿಷ್ಟಿಕೆಯನ್ನೋ ಗ್ಯಾಸ್ ಒಲೆಯನ್ನೋ ಉರಿಯಗೊಟ್ಟು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದಿಂದ ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಚಳಿಯ ರಾತ್ರಿಗಳಲ್ಲಿ ಈ ಮಾತನ್ನು ಹೇಳದೆ ಬಿಡಬೇಡಿ.

ಜನ: ತೋಟದ ಲೈನುಗಳಲ್ಲಿರುವ ಕಾರ್ಮಿಕ ಕುಟುಂಬಗಳಿಗೂ ಅದೇ ಜಮೀನು ಮನೆ. ಹೆಂಗಸರು ಬಟ್ಟೆ ಒಗೆಯುವ, ಮೀಯುವ ಹಳ್ಳದ ಬದಿಗೆ ಅಪರಿಚಿತರು ಹೋಗಬಾರದು. ಅವರ, ಅವರ ಮಕ್ಕಳ ಫೋಟೋಗಳನ್ನು ಕೇಳದೆ ತೆಗೆಯಬಾರದು. ಜಾಗ ಕೊಡುವ ಮುನ್ನ ಅವರಿಗೂ ನೆರೆಯವರಿಗೂ ಒಂದು ಮಾತು ತಿಳಿಸುವುದು ನ್ಯಾಯ.

ಕಾಗದಪತ್ರ: ಒಬ್ಬ ಪರಿಚಿತರು ಒಂದು ರಾತ್ರಿ ನಿಲ್ಲುವುದು ಬೇರೆ, ಹಣ ಪಡೆದು ಪದೇ ಪದೇ ಜಾಗ ಕೊಡುವುದು ಬೇರೆ. ಎರಡನೆಯದಕ್ಕೆ ಮೊದಲೇ ಗ್ರಾಮ ಪಂಚಾಯಿತಿ, ತಾಲ್ಲೂಕು ಕಚೇರಿ ಮತ್ತು ಪ್ರವಾಸೋದ್ಯಮ ಇಲಾಖೆಯಲ್ಲಿ ವಿಚಾರಿಸಬೇಕು. ಕಾಡಿನ ಅಂಚಿನಲ್ಲಿದ್ದರೆ ಅರಣ್ಯ ಇಲಾಖೆಯಲ್ಲೂ ಕೇಳಬೇಕು. ಬಂದವರ ಗುರುತಿನ ಚೀಟಿಯ ವಿವರ ಮತ್ತು ವಾಹನದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. ವಿದೇಶೀಯರು ತಂಗಿದರೆ ವಿದೇಶೀಯರ ನೋಂದಣಿ ಅಧಿಕಾರಿಗಳಿಗೆ ತಿಳಿಸುವುದು ತಂಗಿಸಿದವರ ಹೊಣೆ.

ಬರೆದು ಕೊಡಬೇಕಾದ ಷರತ್ತುಗಳು

ಒಂದೇ ಹಾಳೆಯಲ್ಲಿ ಈ ಎಂಟು ಷರತ್ತುಗಳನ್ನು ಬರೆದು ಸಹಿ ಪಡೆದರೆ ಹೆಚ್ಚಿನ ತಕರಾರು ಹುಟ್ಟುವುದೇ ಇಲ್ಲ.

೧. ಒಂದು ಸಲಕ್ಕೆ ಒಂದೇ ವಾಹನ. ಇಷ್ಟು ಜನ, ಇಷ್ಟು ರಾತ್ರಿ.
೨. ಕಕ್ಕಸು ಮತ್ತು ಕೊಳೆನೀರಿನ ಟ್ಯಾಂಕುಗಳನ್ನು ಬಂದ ಕೂಡಲೇ ತೋರಿಸತಕ್ಕದ್ದು. ಜಮೀನಿನಲ್ಲಿ ಏನನ್ನೂ ಸುರಿಯತಕ್ಕದ್ದಲ್ಲ.
೩. ಕಸವನ್ನೆಲ್ಲ, ಹಣ್ಣಿನ ಸಿಪ್ಪೆಯನ್ನೂ ಸೇರಿಸಿ, ಜೊತೆಗೆ ಒಯ್ಯತಕ್ಕದ್ದು.
೪. ತೋರಿಸಿದ ಜಾಗ ಬಿಟ್ಟು ಬೇರೆಡೆ ವಾಹನ ನಿಲ್ಲಿಸತಕ್ಕದ್ದಲ್ಲ.
೫. ಬಯಲು ಬೆಂಕಿ, ಪಟಾಕಿ ಕೂಡದು.
೬. ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಜನರೇಟರು, ಹಾಡು ಕೂಡದು.
೭. ಗೇಟು, ಉಣುಗೋಲುಗಳು ತೆರೆದಿದ್ದರೆ ತೆರೆದಂತೆ, ಮುಚ್ಚಿದ್ದರೆ ಮುಚ್ಚಿದಂತೆ ಬಿಡತಕ್ಕದ್ದು.
೮. ಹೊರಡುವಾಗ ಮಾಲೀಕರನ್ನು ಕಂಡು, ಜಾಗ ತೋರಿಸಿ ಹೋಗತಕ್ಕದ್ದು.

ಏಳನೆಯ ಷರತ್ತು ದನಕುರಿ ಸಾಕುವ ದೇಶಗಳಲ್ಲೆಲ್ಲ ಹಳ್ಳಿಗೆ ಬರುವವರಿಗೆ ಹೇಳಿಕೊಡುವ ಮೊದಲ ಮಾತು. ತೆರೆದಿದ್ದ ಗೇಟನ್ನು ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿ ಹೋದರೂ ದನಗಳಿಗೆ ನೀರಿನ ದಾರಿ ಕಟ್ಟಿದಂತಾಗಬಹುದು.

ಮುಕ್ತಾಯ

ಮೇಲಿನದನ್ನೆಲ್ಲ ಓದಿ "ಇಷ್ಟು ರಗಳೆ ಯಾರಿಗೆ ಬೇಕು" ಎಂದು ಕೆಲವರಿಗೆ ಅನಿಸಬಹುದು. ಬೇಡವೆನ್ನುವುದೂ ಯೋಗ್ಯವಾದ ತೀರ್ಮಾನವೇ, ಯಾರಿಗೂ ನಮ್ಮ ಗೇಟು ತೆರೆಸುವ ಹಕ್ಕಿಲ್ಲ. ಆದರೆ ಕಾಫಿ, ಅಡಿಕೆಗಳ ಬೆಲೆ ನಮ್ಮ ಕೈಯಲ್ಲಿಲ್ಲದ ಈ ಕಸುಬಿನಲ್ಲಿ, ನಮ್ಮ ಜಮೀನಿನ ನಿಶ್ಶಬ್ದಕ್ಕೂ ಬೆಲೆ ಕೊಡುವವರು ಇದ್ದಾರೆಂಬುದು ತಿಳಿದಿರಲಿ. ಆ ನಿಶ್ಶಬ್ದ ಉಳಿಯುವುದು, ಬಂದವನು ತನ್ನ ಕೊಳೆಯನ್ನು ತಾನೇ ಹೊತ್ತೊಯ್ದಾಗ ಮಾತ್ರ. ಬಾಡಿಗೆ ಎಷ್ಟು ಎಂದು ಹೇಳುವುದಕ್ಕೆ ಮೊದಲು ಟ್ಯಾಂಕು ಎಲ್ಲಿದೆ ಎಂದು ಕೇಳಿ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಐದು ಜನರಿರುವ ವಾಹನವೊಂದು ಮೂರು ದಿನಕ್ಕೆ ಸ್ವಯಂಪೂರ್ಣವಾಗಿರಲು ಕನಿಷ್ಠ ಎಷ್ಟು ನೀರು, ಎಷ್ಟು ಕೊಳೆನೀರಿನ ಟ್ಯಾಂಕು, ಎಷ್ಟು ಕಕ್ಕಸಿನ ಟ್ಯಾಂಕು ಬೇಕು? (ಉತ್ತರ: ೬೦, ೬೦, ೧೫ ಲೀಟರ್.)
೨. ನಿಮ್ಮ ತೋಟದಲ್ಲಿ ಬಾವಿ, ಹಳ್ಳ, ಲೈನು, ಕಣ ಎಲ್ಲದರಿಂದಲೂ ದೂರವಿದ್ದು ವಾಹನ ನಿಲ್ಲಬಹುದಾದ ಗಟ್ಟಿ ಜಾಗ ಎಲ್ಲಿದೆ? ನಕ್ಷೆ ಬರೆದು ಗುರುತಿಸಿ.
೩. ನಿಮ್ಮ ಜಮೀನಿನಿಂದ ಹರಿದ ನೀರನ್ನು ಕೆಳಗೆ ಯಾವ ಯಾವ ಮನೆಯವರು ಬಳಸುತ್ತಾರೆ? ಹೆಸರುಗಳನ್ನು ಪಟ್ಟಿ ಮಾಡಿ.

ಮೂರನೆಯ ಪ್ರಶ್ನೆಗೆ ಉತ್ತರವನ್ನು ಸಂಘಕ್ಕೆ ಕಳಿಸಬೇಕಾಗಿಲ್ಲ. ಬಿಡಾರಕ್ಕೆ ಜಾಗ ಕೊಡುವ ದಿನ ಅದನ್ನು ಮತ್ತೊಮ್ಮೆ ಓದಿಕೊಂಡರೆ ಸಾಕು.

ಕಾರ್ಯದರ್ಶಿ